ಸಾಕಾನೆ ಮತ್ತು ಬಿಸಿಲು: ಕೇರಳ ಕರಾವಳಿ

ಬಿಸಿಲು ತಾಳುವ ಪ್ರಾಣಿ ಎಂದೊಡನೆ ನೆನಪಾಗುವುದು ಒಂಟೆ. ಅದರದೊಂದು ಉಪಾಯ ಏಷ್ಯಾದ ಆನೆಗೂ ತಿಳಿದಿದೆ. ನೀರಿನ ವಿಷಯದಲ್ಲಿ ಮಾತ್ರ ಎರಡರ ದಾರಿ ಬೇರೆ: ಒಂಟೆ ನೀರನ್ನು ಉಳಿಸುತ್ತದೆ, ಆನೆ ಧಾರಾಳವಾಗಿ ಬಳಸುತ್ತದೆ.

ದೇಹದ ಏರ್ಪಾಡು

ಉಗುರಿನ ಆಸುಪಾಸು ಬಿಟ್ಟರೆ ಆನೆಯ ಮೈಯಲ್ಲಿ ಬೆವರುಗ್ರಂಥಿಗಳಿಲ್ಲ. ನಾಯಿಯಂತೆ ಏದುಸಿರು ಬಿಟ್ಟು ತಣಿಯುವುದೂ ಅದಕ್ಕಾಗದು. ಮೂರು-ನಾಲ್ಕು ಟನ್ ತೂಕದ ಮೈಗೆ ಹೋಲಿಸಿದರೆ ಶಾಖ ಹೊರಬಿಡುವ ಚರ್ಮದ ಹರವು ಕಡಿಮೆ. ಈ ಕೊರತೆಯನ್ನು ಬಹುಮಟ್ಟಿಗೆ ನೀಗುವುದು ಕಿವಿ. ಅದರ ಹಿಂಬದಿಯಲ್ಲಿ ಕವಲೊಡೆದ ರಕ್ತನಾಳಗಳು ಉಬ್ಬಿ ಕಾಣುತ್ತವೆ. ಕಿವಿ ಬೀಸಿದಷ್ಟೂ ಅಲ್ಲಿ ಹರಿಯುವ ರಕ್ತ ತಣಿಯುತ್ತದೆ. ಗ್ರಂಥಿಗಳಿಲ್ಲದಿದ್ದರೂ ಚರ್ಮದ ಮೂಲಕ ತೇವ ಹೊರಬಂದು ಆರುತ್ತದೆ. ಮೈಮೇಲಿನ ವಿರಳ ಕೂದಲು ಬೆಚ್ಚಗಿಡುವ ಬದಲು ಶಾಖವನ್ನು ಹೊರಸಾಗಿಸುತ್ತದೆ ಎಂದು 2012ರ ಒಂದು ಅಧ್ಯಯನ ಲೆಕ್ಕಹಾಕಿದೆ.

ನೀರು ಸಿಗದ ಒಂಟೆಯ ಮೈಬಿಸಿ ದಿನದೊಳಗೆ ಸುಮಾರು 34ರಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಳಿಯುವುದನ್ನು ಶರೀರಶಾಸ್ತ್ರಜ್ಞ ಕ್ನುಟ್ ಶ್ಮಿಟ್-ನೀಲ್ಸನ್ 1950ರ ದಶಕದಲ್ಲಿ ಸಹಾರಾದಲ್ಲಿ ಅಳೆದು ತೋರಿಸಿದರು. ಹಗಲಿನ ಶಾಖವನ್ನು ಮೈಯಲ್ಲೇ ಕೂಡಿಟ್ಟು ರಾತ್ರಿಯ ತಂಪಿಗೆ ಬಿಟ್ಟುಕೊಡುವ ಒಂಟೆಗೆ ಬೆವರಿನ ನೀರು ಉಳಿತಾಯ. ಥಾಯ್ಲೆಂಡ್ ಮತ್ತು ಜರ್ಮನಿಯ ಆನೆಗಳನ್ನು ಹೋಲಿಸಿದ ಅಧ್ಯಯನವೊಂದರಲ್ಲಿ, ಬಿಸಿನಾಡಿನ ಆನೆಗಳ ಮೈಬಿಸಿ ಹೆಚ್ಚು ಏರಿಳಿಯಿತು. ಒಂಟೆಯಷ್ಟಲ್ಲ, ಆದರೆ ರೀತಿ ಅದೇ. ಕೇರಳದ ಆನೆಗಳೂ ಹೀಗೆಯೇ ಎಂದುಕೊಳ್ಳುವುದಾದರೆ, ರಾತ್ರಿ ಬಯಲಲ್ಲಿ ತಣಿಯಲು ಬಿಡುವುದು ಹಗಲಿನ ನೆರಳಿನಷ್ಟೇ ಮುಖ್ಯವಾದ ಆರೈಕೆ.

ನೀರು

ಮರುಭೂಮಿಯ ಒಣಗಾಳಿಯಲ್ಲಿ ತೇವ ಬೇಗ ಆರುತ್ತದೆ. ಕೊಚ್ಚಿ, ತಿರುವನಂತಪುರಗಳ ಸೆಕೆಯಲ್ಲಿ ಹಾಗಾಗದು. ಮೈ ಒದ್ದೆಯಾದರೂ ತಂಪು ನಿಧಾನ. ಆದ್ದರಿಂದಲೇ ಮುಳುಗಿ ಮೀಯುವುದಕ್ಕೆ ಇಲ್ಲಿ ಬೆಲೆ ಹೆಚ್ಚು. ಎರ್ನಾಕುಳಂ ಜಿಲ್ಲೆಯ ಕೋಡನಾಡಿನಲ್ಲಿ ಪೆರಿಯಾರ್, ತಿರುವನಂತಪುರದ ಬಳಿಯ ಕೋಟ್ಟೂರು ಆನೆ ಪುನರ್ವಸತಿ ಕೇಂದ್ರದಲ್ಲಿ ನೆಯ್ಯಾರ್ ಜಲಾಶಯ ಈ ಕೆಲಸಕ್ಕೆ ಒದಗಿವೆ. ನೀರು ಹತ್ತಿರವಿಲ್ಲದಾಗ ಆನೆ ಸೊಂಡಿಲನ್ನು ಬಾಯೊಳಗಿಳಿಸಿ, ಅಲ್ಲಿನ ದ್ರವವನ್ನೇ ಹೀರಿ ಪಕ್ಕೆಗೆ ಚಿಮುಕಿಸಿಕೊಳ್ಳುತ್ತದೆ. ಧೂಳು ಹಿಡಿದ ಚರ್ಮದ ಮೇಲೆ ಕಡುಗಪ್ಪು ಚುಕ್ಕೆಗಳು ಮೂಡುತ್ತವೆ. ಇದನ್ನು ಆಟವೆಂದು ಬಗೆಯಬಾರದು. ಮಾವುತನು ಕೂಡಲೇ ನೆರಳು, ನೀರು ಒದಗಿಸಬೇಕಾದ ಲಕ್ಷಣವಿದು.

ಉತ್ಸವಗಳಲ್ಲಿ

ಕೊಚ್ಚಿ ಸಮೀಪದ ತ್ರಿಪ್ಪೂಣಿತ್ತುರ ಪೂರ್ಣತ್ರಯೀಶ ದೇವಾಲಯದ ವೃಶ್ಚಿಕೋತ್ಸವದಲ್ಲಿ 15 ಆನೆಗಳು ಸಾಲಾಗಿ ನಿಲ್ಲುತ್ತವೆ. ಹಣೆಗೆ ನೆಟ್ಟಿಪಟ್ಟವೆಂಬ ಅಲಂಕಾರ, ಕಾಲಡಿ ಕಾದ ನೆಲ, ಎರಡೂ ಪಕ್ಕ ಒತ್ತಿ ನಿಂತ ಮೈಗಳು. ಕೇರಳ ಹೈಕೋರ್ಟ್ 2024ರ ನವೆಂಬರಿನಲ್ಲಿ, ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಸಾರ್ವಜನಿಕ ರಸ್ತೆಗಳಲ್ಲಿ ಆನೆ ಮೆರವಣಿಗೆ ಕೂಡದು, ಎರಡು ಆನೆಗಳ ನಡುವೆ ಕನಿಷ್ಠ 3 ಮೀಟರ್ ಅಂತರವಿರಬೇಕು ಎಂದು ನಿರ್ದೇಶಿಸಿತು. ಶರೀರಶಾಸ್ತ್ರದ ದೃಷ್ಟಿಯಿಂದ ಅಂತರದ ನಿಯಮಕ್ಕೆ ಸಮಯದ ನಿಯಮಕ್ಕಿಂತ ಕಡಿಮೆ ತೂಕವಿಲ್ಲ: ಕಿವಿ ಬೀಸಲು, ನಡುವೆ ಗಾಳಿಯಾಡಲು ಜಾಗ ಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ನಿರ್ದೇಶನಗಳಿಗೆ ತಡೆಯಾಜ್ಞೆ ನೀಡಿತು.