ಊರು ಬಿಟ್ಟವರ ಅಡ್ಡಹೆಸರು

ಪುಣೆಯ ಡಿಸೆಂಬರ್ ಚಳಿಯಲ್ಲಿ ಪ್ರತಿವರ್ಷ ನಡೆಯುವ ಸಂಗೀತೋತ್ಸವಕ್ಕೆ ಸವಾಯಿ ಗಂಧರ್ವರ ಹೆಸರಿದೆ. ಗುರುವಿನ ನೆನಪಿಗೆಂದು ಭೀಮಸೇನ ಜೋಶಿ 1953ರಲ್ಲಿ ಶುರುಮಾಡಿದ್ದು. ಸವಾಯಿ ಗಂಧರ್ವ ಎಂಬುದು ಬಿರುದು. ಮರಾಠಿ ನಾಟಕದವರ ಬಾಯಲ್ಲಿ ಅವರು ರಾಮಭಾವು ಕುಂದಗೋಳಕರ. ಮನೆತನದ ಅಡ್ಡಹೆಸರು ಇದೂ ಅಲ್ಲ, ಸಂಶಿ. ಸಂಶಿಯೂ ಕುಂದಗೋಳ ತಾಲೂಕಿನದೇ ಒಂದು ಊರು!

ಸಂಶಿಯ ಹೆಸರು ಹೊತ್ತ ಮನೆತನ ಕುಂದಗೋಳದಲ್ಲಿತ್ತು. ಕುಂದಗೋಳದ ಹುಡುಗ ಮರಾಠಿ ರಂಗಭೂಮಿಗೆ ಹೋದ. ಹೆಸರು ಒಂದು ಊರು ಹಿಂದೆಯೇ ಉಳಿಯುತ್ತದೆ. ಅದು ಸಹಜವೂ ಹೌದು. ಕುಂದಗೋಳದೊಳಗೆ ಯಾರನ್ನಾದರೂ ‘ಕುಂದಗೋಳಕರ’ ಎಂದು ಕೂಗಿದರೆ ಗುರುತು ಹತ್ತುವುದು ಹೇಗೆ? ಅಲ್ಲಿ ಎಲ್ಲರೂ ಕುಂದಗೋಳದವರೇ. ‘ಕರ’ ಅಂಟಿಕೊಳ್ಳುವುದು ಊರ ಸೀಮೆ ದಾಟಿದ ಮೇಲೆ.

ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರಿಗೆ ಈ ಬಾಲವೂ ಬೇಕಾಗಲಿಲ್ಲ. ಧಾರವಾಡದ ಕಡೆ ಬರಿ ಊರಿನ ಹೆಸರೇ ಸಾಕು. ವಿಮರ್ಶಕ ಕುರ್ತಕೋಟಿಯವರ ಹಿಂದೆಯೂ ಗದಗ ಸೀಮೆಯ ಒಂದು ಹಳ್ಳಿಯಿದೆ. ಸಂಗೀತದ ಘರಾಣೆಗಳೂ ಹಾಗೆಯೇ: ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರ ‘ಕಿರಾಣಾ’ ಉತ್ತರಪ್ರದೇಶದ ಕೈರಾನಾ.

ಕುಂದಗೋಳಕರ ಹೆಸರಿಗೆ ಉಲ್ಟಾ ಉದಾಹರಣೆ ಧಾರವಾಡದಲ್ಲೇ ಸಿಗುತ್ತದೆ. ‘ಗಂಗವ್ವ ಗಂಗಾಮಾಯಿ’ ಬರೆದ ಶಂಕರ ಮೊಕಾಶಿ ಪುಣೇಕರ 1928ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. ಮೊಕಾಶಿ ಎಂದರೆ ಕಂದಾಯದಲ್ಲಿ ಪಾಲಿನ ಹಕ್ಕಿದ್ದ ಮನೆತನ. ಪುಣೇಕರ ಎಂಬಲ್ಲಿ ಊರು ತಾನಾಗಿಯೇ ಕೇಳುತ್ತದೆ. ಕುಂದಗೋಳಕರರು ಮರಾಠಿ ನಾಟ್ಯಗೀತೆ ಹಾಡಿದರು, ಪುಣೇಕರರು ಕನ್ನಡ ಕಾದಂಬರಿ ಬರೆದರು. ಪುಣೆಯಲ್ಲಾದರೆ ಇವತ್ತು ‘ಪುಣೇಕರ’ ಅಂದರೆ ಅಡ್ಡಹೆಸರಿಗಿಂತ ಹೆಚ್ಚಾಗಿ ನಗರದ ಯಾವನೇ ನಿವಾಸಿ. ಪತ್ರಿಕೆಯವರು ದಿನವೂ ಬಳಸುವ ಪದ.

ಊರಿನಿಂದ ಹುಟ್ಟಿದ ಹೆಸರು ಮತ್ತೆ ಊರಾಗುವುದೂ ಉಂಟು. ಇಂಗ್ಲೆಂಡಿನ ಡರ್ಹಮ್ ಸೀಮೆಯ ವಾಷಿಂಗ್ಟನ್ ಎಂಬ ಊರು ಒಂದು ಮನೆತನಕ್ಕೆ ಹೆಸರಾಗಿ, ಆ ಮನೆತನದಿಂದ ಅಮೆರಿಕದ ರಾಜಧಾನಿಗೆ ಹೋಯಿತು. ನಮ್ಮ ಕಡೆಯ ಸಾಕ್ಷಿ ಕಿರ್ಲೋಸ್ಕರರು. ಹೆಸರು ಕೊಂಕಣದ ಕಿರ್ಲೋಸಿಯದು. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಅಣ್ಣಾಸಾಹೇಬರೂ ಉದ್ಯಮಿ ಲಕ್ಷ್ಮಣರಾಯರೂ ಹುಟ್ಟಿದ್ದು ಮಾತ್ರ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಲಕ್ಷ್ಮಣರಾಯರು 1910ರಲ್ಲಿ ಔಂಧ್ ಸಂಸ್ಥಾನದ ಬಂಜರು ನೆಲದಲ್ಲಿ ಕಾರ್ಖಾನೆ ಕಟ್ಟಿದರು. ಅದು ಕಿರ್ಲೋಸ್ಕರವಾಡಿಯಾಯಿತು. ಅಲ್ಲಿಯವರೊಬ್ಬರು ಪುಣೆಗೆ ಬಂದು ನೆಲೆಸಿದರೆ, ರೂಢಿಯ ಪ್ರಕಾರ, ಕಿರ್ಲೋಸ್ಕರವಾಡಿಕರ: ಒಂದೇ ಹೆಸರಿಗೆ ಎರಡು ‘ಕರ’.