ಪೇಟೆಯ ಊಟ, ದಂಡಿನ ಪಾನ: ಬೆಂಗಳೂರಿನ ಎರಡು ಮೇಜುಗಳ ಚರಿತ್ರೆ

ಬೆಂಗಳೂರಿನಲ್ಲಿ ಬಹುಕಾಲ ಹೋಟೆಲು ಎಂದರೆ ತಿನ್ನುವ ಜಾಗ, ಬಾರು ಎಂದರೆ ಕುಡಿಯುವ ಜಾಗ. ಮೊದಲನೆಯದಕ್ಕೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದರು, ಎರಡನೆಯದಕ್ಕೆ ಗಂಡಸರು ಮಾತ್ರ ಹೋಗುತ್ತಿದ್ದರು. ಊಟವೂ ಕಾಕ್‌ಟೇಲೂ ಒಂದೇ ಮೇಜಿಗೆ ಬರುವುದು ಇಂದಿರಾನಗರದಲ್ಲಿ ಈಗ ಮಾಮೂಲು. ಆದರೆ ಇವೆರಡೂ ಕೂಡಿಬರಲು ಈ ಊರಿಗೆ ಒಂದೂವರೆ ಶತಮಾನಕ್ಕೂ ಮಿಕ್ಕ ಕಾಲ ಹಿಡಿಯಿತು. ಈ ತಡವನ್ನು ಸಾಮಾನ್ಯವಾಗಿ ಮಡಿವಂತಿಕೆಯ ಲೆಕ್ಕಕ್ಕೆ ಬರೆಯುತ್ತಾರೆ. ಮಡಿಗಿಂತ ಊರಿನ ನಕ್ಷೆ ಮತ್ತು ಸರ್ಕಾರದ ಲೈಸೆನ್ಸು ಇಲ್ಲಿ ಹೆಚ್ಚು ಕೆಲಸ ಮಾಡಿವೆ ಎಂಬುದು ನನ್ನ ವಾದ.

1809ರಲ್ಲಿ ಬ್ರಿಟಿಷರು ದಂಡು ಪ್ರದೇಶವನ್ನು ಕಟ್ಟಿದಾಗ ಊರು ಎರಡಾಯಿತು: ಹಳೆಯ ಪೇಟೆ, ಹೊಸ ದಂಡು. ಕುಡಿತದ ಸಂಸ್ಥೆಗಳೆಲ್ಲ ದಂಡಿನ ಕಡೆ ಬೆಳೆದವು. 1868ರಲ್ಲಿ ಹುಟ್ಟಿದ ಯುನೈಟೆಡ್ ಸರ್ವಿಸ್ ಕ್ಲಬ್ ಇಂದಿನ ಬೆಂಗಳೂರು ಕ್ಲಬ್. ವೆಸ್ಟ್ ಎಂಡ್ ಹೋಟೆಲು 1887ರಲ್ಲಿ ಹತ್ತು ಕೋಣೆಗಳ ವಸತಿಗೃಹವಾಗಿ ಶುರುವಾಯಿತು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಬಿಯರ್ ಕಾರ್ಖಾನೆಗಳನ್ನು ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. ಯುನೈಟೆಡ್ ಸರ್ವಿಸ್ ಕ್ಲಬ್ಬಿನ 1899ರ ದಾಖಲೆಯಲ್ಲಿ ವಸೂಲಾಗದ ಬಾಕಿಗಳ ಪಟ್ಟಿಯೊಂದಿದೆ. ಅಲ್ಲಿ ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ. ಇದನ್ನು ತಮಾಷೆಗೆ ಹೇಳುವುದೇ ಹೆಚ್ಚು. ನನಗೆ ಮುಖ್ಯವಾಗಿ ಕಾಣುವುದು ಬಾಕಿಯ ಹಿಂದಿನ ವ್ಯವಸ್ಥೆ. ಕ್ಲಬ್ಬಿನಲ್ಲಿ ದುಡ್ಡು ಎಣಿಸಿ ಕೊಡುವಂತಿರಲಿಲ್ಲ, ಚೀಟಿಗೆ ಸಹಿ ಹಾಕಬೇಕಿತ್ತು. ಸಹಿ ಹಾಕುವ ಹಕ್ಕು ಸದಸ್ಯನಿಗೆ ಮಾತ್ರ. ಪೇಟೆಯ ವ್ಯಾಪಾರಿಯ ಬಳಿ ಎಷ್ಟೇ ಹಣವಿರಲಿ, ಆ ಮೇಜು ಅವನಿಗೆ ಸಿಗುತ್ತಿರಲಿಲ್ಲ.

ಹಾಗೆಂದು ಬೆರಕೆ ಪಾನೀಯ ಪೂರ್ತಿ ಹೊರಗಿನದೇನಲ್ಲ. ಕಾಕ್‌ಟೇಲ್ ಎಂದರೇನು ಎಂಬ ವಿವರಣೆ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾದದ್ದು 1806ರಲ್ಲಿ: ಮದ್ಯ, ಸಕ್ಕರೆ, ನೀರು, ಕಹಿ. ಅದಕ್ಕೂ ಹಿಂದೆ, 1632ರಲ್ಲೇ, ಈಸ್ಟ್ ಇಂಡಿಯಾ ಕಂಪನಿಯ ಮಂದಿಯ ಪತ್ರವೊಂದರಲ್ಲಿ ‘ಪಂಚ್’ ಎಂಬ ಪದ ಬರುತ್ತದೆ. ಸಾರಾಯಿ, ಸಕ್ಕರೆ, ನಿಂಬೆ, ನೀರು, ಸಾಂಬಾರ ಪದಾರ್ಥ ಎಂಬ ಐದನ್ನು ಕೂಡಿಸಿದ್ದರಿಂದ ಆ ಹೆಸರು ಬಂತು ಎಂಬ ವ್ಯುತ್ಪತ್ತಿಯನ್ನು ಕೆಲವು ನಿಘಂಟುಕಾರರು ಒಪ್ಪುವುದಿಲ್ಲ. ಪದದ ಮೂಲ ಏನೇ ಇರಲಿ, ಅದರ ಸಾರಾಯಿ ಈ ನೆಲದ್ದು.

ಇನ್ನು ಪೇಟೆಯ ಕಡೆ. ಹೊರಗೆ ಉಣ್ಣುವವನಿಗೆ ಇದ್ದ ಚಿಂತೆ ರುಚಿಯದಲ್ಲ, ಯಾರ ಕೈಯ ಅಡುಗೆ ಎಂಬುದು. 1924ರಲ್ಲಿ ಉಡುಪಿ ಸೀಮೆಯ ಮಯ್ಯ ಸಹೋದರರು ತೆರೆದ ಹೋಟೆಲಿಗೆ ಬ್ರಾಹ್ಮಿನ್ಸ್ ಕಾಫಿ ಕ್ಲಬ್ ಎಂದು ಹೆಸರಿಟ್ಟದ್ದು ಆ ಪ್ರಶ್ನೆಗೆ ಬೋರ್ಡಿನಲ್ಲೇ ಕೊಟ್ಟ ಉತ್ತರ. ಆ ಹೆಸರಿನೊಳಗಿನ ಜಾತಿಯ ಗೆರೆಯನ್ನು ಮರೆತು ಹೋಟೆಲಿನ ಚರಿತ್ರೆ ಬರೆಯಲಾಗದು. ಆ ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದ ಮೇಲೆ ಇನ್ನೊಂದು ಉತ್ತರ ಕೊಟ್ಟರು. ಪಾತ್ರೆ ಶುಚಿಮಾಡುವ ಕ್ರಮ ಬದಲಾಯಿತು, ಗಿರಾಕಿಗಳು ಅಡುಗೆಮನೆಯನ್ನು ಹಾದೇ ಊಟಕ್ಕೆ ಹೋಗುವಂತಾಯಿತು. ಹಬೆಯಾಡುವ ಇಡ್ಲಿ ಪಾತ್ರೆ, ತುಪ್ಪ ಹುಯ್ಯುವ ಕೈ, ಒರೆಸಿದ ಕಲ್ಲು, ಎಲ್ಲ ಕಣ್ಣೆದುರಿಗೇ. ಜಾತಿಯ ಭರವಸೆಯ ಜಾಗಕ್ಕೆ ಕಣ್ಣಿನ ಭರವಸೆ ಬಂತು. ನಗರದ ಊಟದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಂಡಿಲ್ಲ. ಮುದ್ದೆ, ಕಾಲು ಸೂಪು, ಬೋಟಿಗೆ ಹೆಸರಾದ ಮಿಲಿಟರಿ ಹೋಟೆಲುಗಳು ಮಾಂಸದೂಟದವರ ಅಗತ್ಯವನ್ನು ನೋಡಿಕೊಂಡವು. ಆದರೆ ಅಲ್ಲೂ ಮದ್ಯವಿರಲಿಲ್ಲ.

1949ರಲ್ಲಿ ಪೇಟೆ, ದಂಡುಗಳು ಒಂದೇ ನಗರಪಾಲಿಕೆಯ ಅಡಿಗೆ ಬಂದವು. ಮೇಜುಗಳು ಮಾತ್ರ ಒಂದಾಗಲಿಲ್ಲ. ಮೈಸೂರು ರಾಜ್ಯ 1967ರಲ್ಲಿ ಪಾನನಿರೋಧವನ್ನು ಕೈಬಿಟ್ಟು ಅಬಕಾರಿ ಕಾಯ್ದೆಯನ್ನು ಜಾರಿಗೆ ತಂದಿತು. ಮರುವರ್ಷದ ನಿಯಮಗಳು ಕುಡಿಯುವ ಜಾಗಗಳನ್ನು ನಮೂನೆವಾರು ವಿಂಗಡಿಸಿದವು: ಚಿಲ್ಲರೆ ಅಂಗಡಿಗೆ ಸಿಎಲ್-2, ಕ್ಲಬ್ಬಿಗೆ ಸಿಎಲ್-4, ವಸತಿಯಿರುವ ಹೋಟೆಲಿಗೆ ಸಿಎಲ್-7, ಬಾರಿಗೆ ಸಿಎಲ್-9. ಈ ಸಿಎಲ್-9ಕ್ಕೆ ನಿಯಮದಲ್ಲಿರುವ ಹೆಸರು ‘ರಿಫ್ರೆಶ್‌ಮೆಂಟ್ ರೂಮ್’, ಅಂದರೆ ಉಪಾಹಾರದ ಕೋಣೆ. ಕಾಗದದ ಮೇಲೆ ಬಾರು ತಿನ್ನುವ ಜಾಗವೇ! ಆದರೆ ಹಳೆಯ ಬಾರಿನ ಒಳಗೆ ಹೋದರೆ ಕಾಣುವುದು ಮಂಕು ದೀಪ, ಬಾಗಿಲಿಗೆ ಪರದೆ, ಮೇಜು ಮೇಜಿನ ನಡುವೆ ಮರದ ಅಡ್ಡಗೋಡೆ. ಊಟವೆಂಬುದು ನೈಂಟಿಯ ಜೊತೆ ನೆಂಚಿಕೊಳ್ಳುವ ಮಟ್ಟಕ್ಕೆ ಇಳಿದಿರುತ್ತದೆ. ಉಪ್ಪುಖಾರ ಸವರಿದ ಸೌತೆಕಾಯಿ, ಕಾಂಗ್ರೆಸ್ ಕಡಲೆಬೀಜ, ಬೇಯಿಸಿದ ಮೊಟ್ಟೆ. ಹೋಟೆಲು ಅಡುಗೆಮನೆಯನ್ನೇ ತೆರೆದು ತೋರಿಸಿತು, ಬಾರು ಗಿರಾಕಿಯನ್ನೇ ಮರೆಮಾಡಿತು.

ಬಾರಿನ ಈ ಮರೆ ಸಡಿಲಗೊಂಡದ್ದು 1980ರ ದಶಕದಲ್ಲಿ. ನಿಂತೇ ತಿಂದು ಹೊರಡುವ ದರ್ಶಿನಿಯೂ, ಕೂತು ಗಂಟೆಗಟ್ಟಲೆ ಹರಟುವ ಪಬ್ಬೂ ಒಂದೇ ದಶಕದ ಮಕ್ಕಳು. ಚರ್ಚ್ ಸ್ಟ್ರೀಟಿನ ಸುತ್ತಮುತ್ತ ತೆರೆದ ಪಬ್ಬುಗಳಲ್ಲಿ ಬಿಯರು ಪೀಪಾಯಿಯಿಂದ ನೇರ ಮಗ್ಗಿಗೆ ಬಂತು, ಹಾಡು ಬಂತು, ಮೇಜಿನ ಅಡ್ಡಗೋಡೆ ಹೋಯಿತು. ಎಲ್ಲಕ್ಕಿಂತ ಮುಖ್ಯವಾಗಿ ಹೆಣ್ಣುಮಕ್ಕಳು ತಲೆಯೆತ್ತಿ ಕೂರುವಂತಾಯಿತು. ಅದು ಎಂಥ ದೊಡ್ಡ ಗಳಿಕೆ ಎಂಬುದು 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಯುವತಿಯರನ್ನು ಹೊಡೆದಟ್ಟಿದ ದಿನ ಗೊತ್ತಾಯಿತು. ಆ ದಾಳಿ ಮದ್ಯದ ಮೇಲಾದದ್ದಲ್ಲ, ಕೂರುವ ಹಕ್ಕಿನ ಮೇಲಾದದ್ದು.

ಕುಡಿಯುವ ಜಾಗ ಹೀಗೆ ತೆರೆದುಕೊಂಡದ್ದು ಎಲ್ಲರಿಗಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕೂಲಿಯವನ ಪ್ಯಾಕೆಟ್ಟು ಹೋಯಿತು, ಉಳ್ಳವರ ಗ್ಲಾಸು ಉಳಿಯಿತು. ಸಾರಾಯಿ ಎಷ್ಟೋ ಮನೆಗಳನ್ನು ಹಾಳುಮಾಡಿದ್ದು ನಿಜ, ನಿಷೇಧಕ್ಕಾಗಿ ಹೆಂಗಸರು ಬೀದಿಗಿಳಿದದ್ದೂ ನಿಜ. ಆದರೂ ಪಂಚ್‌ಗೆ ಮೂಲವಾದ ದ್ರವ್ಯವೇ ಕಾನೂನಿನ ಹೊರಗಾಗಿ, ಅದರ ವಂಶದ ಪಾನೀಯಗಳು ದುಬಾರಿ ಬೆಲೆಗೆ ಬಿಕರಿಯಾಗುವುದನ್ನು ಚರಿತ್ರೆಕಾರ ಗುರುತಿಸಲೇಬೇಕು.

ಇತ್ತೀಚಿನ ಕಾಕ್‌ಟೇಲ್ ಬಾರುಗಳಲ್ಲಿ ಪುನರ್ಪುಳಿ, ಕರಿಬೇವು, ಫಿಲ್ಟರ್ ಕಾಫಿಯ ಡಿಕಾಕ್ಷನ್ನು ಎಲ್ಲವೂ ಗ್ಲಾಸಿಗೆ ಬಂದಿವೆ. ಪೇಟೆಯ ಅಡುಗೆಮನೆ ದಂಡಿನ ಮೇಜಿಗೆ ಬಂದ ಹಾಗೆ. ಪರದೆ ಇಲ್ಲ. ಕಟ್ಟೆಯ ಆಚೆ ನಿಂತವನು ಅಳತೆಯ ಬಟ್ಟಲಿನಲ್ಲಿ 30 ಎಂಎಲ್ ಅಳೆದು, ನಿಂಬೆ ಹಿಂಡಿ, ಕರಿಬೇವಿನ ಎಲೆಯನ್ನು ಅಂಗೈಯಲ್ಲಿ ತಟ್ಟಿ ಗ್ಲಾಸಿಗೆ ಹಾಕುತ್ತಾನೆ. ಊಟಕ್ಕೆ ಬಂದ ಕುಟುಂಬವೊಂದು ಮೇಜು ಖಾಲಿಯಾಗುವವರೆಗೆ ಅಲ್ಲೇ ನಿಂತು ಅವನ ಕೈಯನ್ನೇ ನೋಡುತ್ತಿರುತ್ತದೆ.