ಹೊಸ ಕಾನೂನಿನಿಂದ ಸಾವು ಕಡಿಮೆಯಾಯಿತೇ? ಫಾರ್ವರ್ಡ್ ಮಾಡುವ ಮುನ್ನ ಹೀಗೆ ಪರೀಕ್ಷಿಸಿ

‘ಹೊಸ ಕಾನೂನು ಬಂತು, ಅಪಘಾತ ಇಳಿಯಿತು’ ಎಂಬ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತವೆ. ಅಂಕಿ ನಿಜವೇ ಇರಬಹುದು. ಆದರೆ ಕಾರಣ ಕಾನೂನೇ ಎನ್ನಬಹುದೇ? ಪ್ರಸಿದ್ಧ ಉದಾಹರಣೆಯೊಂದನ್ನು ನೋಡೋಣ.

ಏನಾಗಿತ್ತು?
ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1955ರಲ್ಲಿ ರಸ್ತೆ ಅಪಘಾತಗಳಿಂದ 324 ಮಂದಿ ಸತ್ತರು. ವರ್ಷಾಂತ್ಯದಲ್ಲಿ ಗವರ್ನರ್ ಅಬ್ರಹಾಂ ರಿಬಿಕಾಫ್, ಅತಿ ವೇಗದಲ್ಲಿ ವಾಹನ ಓಡಿಸುವವರ ಲೈಸೆನ್ಸ್ ಅಮಾನತು ಮಾಡುವ ಕಠಿಣ ಕ್ರಮ ಜಾರಿಗೆ ತಂದರು. 1956ರಲ್ಲಿ ಸಾವು 284ಕ್ಕೆ ಇಳಿಯಿತು. 40 ಜೀವ ಉಳಿಯಿತು ಎಂದು ಗವರ್ನರ್ ಹೇಳಿಕೊಂಡರು.

ಲೆಕ್ಕ ಏನು ಹೇಳಿತು?
ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಲಾರೆನ್ಸ್ ರಾಸ್ 1968ರಲ್ಲಿ ಹಲವು ವರ್ಷಗಳ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದರು. ಸಾವಿನ ಸಂಖ್ಯೆ ಮೊದಲಿನಿಂದಲೂ ಏರಿಳಿಯುತ್ತಲೇ ಇತ್ತು. 1955ರಲ್ಲಿ ವಿಪರೀತ ಏರಿತ್ತು. ಅಂಥ ವರ್ಷದ ನಂತರ ಏನೂ ಮಾಡದಿದ್ದರೂ ಸಂಖ್ಯೆ ಇಳಿಯುವ ಸಾಧ್ಯತೆಯೇ ಹೆಚ್ಚು. ಸಂಖ್ಯಾಶಾಸ್ತ್ರದಲ್ಲಿ ಇದನ್ನು ‘ಸರಾಸರಿಯತ್ತ ಮರಳುವುದು’ ಎನ್ನುತ್ತಾರೆ. ನೆರೆಯ ರಾಜ್ಯಗಳ ಅಂಕಿಗಳ ಜತೆಗೂ ಅವರು ಹೋಲಿಸಿದರು. ಇಳಿಕೆಯ ಪೂರ್ತಿ ಶ್ರೇಯಸ್ಸನ್ನು ಆ ಕ್ರಮಕ್ಕೆ ಕೊಡಲಾಗದು ಎಂಬುದು ಸ್ಪಷ್ಟವಾಯಿತು. ಹಾಗೆಂದು ಕ್ರಮ ವ್ಯರ್ಥ ಎಂದೂ ಸಾಬೀತಾಗಲಿಲ್ಲ.

ನಾವು ಕೇಳಬೇಕಾದ 3 ಪ್ರಶ್ನೆಗಳು
1. ಎರಡೇ ವರ್ಷದ ಅಂಕಿಯೇ, ಹಲವು ವರ್ಷದ್ದೇ?
2. ಕಾನೂನು ಬರುವ ಹಿಂದಿನ ವರ್ಷ ಅಸಾಮಾನ್ಯವಾಗಿತ್ತೇ?
3. ಆ ಕಾನೂನು ಇಲ್ಲದ ಕಡೆಯೂ ಇಳಿಕೆಯಾಗಿದೆಯೇ?

ಫಲವಿಲ್ಲದ ಕಾನೂನನ್ನು ನಂಬಿ ಕುಳಿತರೂ, ಫಲ ಕೊಡುವ ಕಾನೂನನ್ನು ಕೈಬಿಟ್ಟರೂ ಹೋಗುವುದು ಜೀವವೇ. ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ.